ಷರಾ

ಮೂವತ್ತೊಂದು ವರ್ಷ ಸಕ್ಕರೆ ಕಾರ್ಖಾನೆಯ ತೂಕದ ಮನೆಯಲ್ಲಿ ಕೂತು
ಕಬ್ಬಿನ ಗಾಡಿ ತೂಗಿದವನು ನಾನು.
ತುಂಬಿದ ಗಾಡಿಯಲ್ಲಿ ಖಾಲಿ ಗಾಡಿ ಕಳೆ,
ಉಳಿದದ್ದು ಕಬ್ಬು.
ಗಾಡಿಯ ಮೇಲೆ ನಿದ್ದೆ ಹೋಗಿದ್ದ ಹುಡುಗನನ್ನೂ
ಒಮ್ಮೆ ಕಬ್ಬೆಂದೇ ಬರೆದಿದ್ದೆ.

ಈಗ ಇಲ್ಲಿ, ಕುಂತಿಬೆಟ್ಟ ಕಾಣುವ ಈ ಆರೆಕರೆಯಲ್ಲಿ
ಹನ್ನೊಂದು ಮನೆ, ಒಂದೇ ಒಲೆ.
ಯಾವ ಮಡಿಯೂ ಯಾರದೂ ಅಲ್ಲವೆಂದು ಕರಾರು.
ಆದರೂ ಹೆಸರು ಅಂಟಿಕೊಳ್ಳುತ್ತದೆ, ಉತ್ತರಾಣಿ ಬೀಜದಂತೆ:
ಫಿಲೋಮಿನಾಳ ಬದನೆ, ದಿಲ್ಶಾದಳ ಪುದೀನ,
ಮಾಯಿಗಯ್ಯನ ಪಡವಲ.
ನನ್ನದು ಪುಸ್ತಕ.
ತಾರೀಖು, ಬಾಬು, ತೂಕ, ಷರಾ.
ಷರಾ ಕಲಂ ನಾನು ತುಂಬಿದ್ದು ಕಡಿಮೆ.

ಯುಗಾದಿಗೆ ಇನ್ನು ಒಂಬತ್ತು ದಿನ.
ನಾಲೆ ನಿಲ್ಲಿಸಿದ್ದಾರೆ. ತೂಬಿನ ಬಾಯಲ್ಲಿ ನಳ್ಳಿಗಳು
ನೀರೆಲ್ಲಿ ಹೋಯಿತೆಂದು ಇಣುಕುತ್ತಿವೆ.
ಹೊಂಗೆ ಮಾತ್ರ ಯಾರನ್ನೂ ಕೇಳದೆ ಚಿಗುರಿ
ಪುರಿ ಮೂಟೆ ಒಡೆದ ಹಾಗೆ ಅಂಗಳದ ತುಂಬ ಹೂವು.
ಕೆಂಪಾಜಮ್ಮ ಗುಡಿಸಿ ಮಂಕರಿಗೆ ತುಂಬಿ
ಗೊಬ್ಬರದ ಗುಂಡಿಗೆ ಹೊರಟಳು.
"ಇದ್ನೂ ತೂಗ್ಬುಟ್ಟೀರಾ ಸ್ವಾಮಿ!"
(ತೂಗಿದ್ದೆ. ಎರಡು ಕೆಜಿ ನಾನೂರು.)

ಬೆಳಗಿನ ಕೆಲಸ ಸೋಗೆ ಹೊದಿಸುವುದು.
ಪಕ್ಕದ ಗದ್ದೆಯವರು ಬೆಂಕಿಗೆಂದು ಒಟ್ಟಿದ್ದನ್ನು
ಬೇಡಿ ತಂದು, ಬದನೆ ಸಸಿಯ ಕಾಲಿಗೆ ಕಂಬಳಿ.
ಅಂಚು ಬೆರಳು ಕೊಯ್ಯುತ್ತದೆ.
ಅಷ್ಟು ವರ್ಷ ತೂಗಿದ ನನಗೆ ತಿಳಿದಿರಲಿಲ್ಲ
ಕಬ್ಬಿಗೆ ಹರಿತವೂ ಇದೆಯೆಂದು.

ಹೋದ ಸಭೆಯಲ್ಲಿ ತೀರ್ಮಾನ:
ಬೋರ್‌ವೆಲ್ ದಿನಕ್ಕೆ ಒಂದೂವರೆ ಗಂಟೆ,
ಮಡಿಗೆ ಎರಡು ಕೊಡ, ತಲೆಗೊಂದು ಬಕೆಟ್ಟು ಸ್ನಾನ.
ಎಲ್ಲರೂ ಕೈಯೆತ್ತಿದ್ದರು.
ಈ ಸಭೆಯಲ್ಲಿ ಎತ್ತಿದ ಕೈಗಳದ್ದೇ ಜಗಳ.
ಮುದ್ದೆ ಪಾತ್ರೆ ತೊಳೆಯುವ ಸರದಿ ಯಾರದೆಂಬುದು
ನೀರಿನ ಮಾತಿನೊಳಗೆ ಹೇಗೆ ನುಗ್ಗಿತೋ ಕಾಣೆ.
ಕೊನೆಗೆ ಶಿವನಂಜ ಮೂಗು ಹಿಡಿದು ಅಂದ:
"ಮಾಯಿಗಣ್ಣ ವಸಿ ದೂರ ಕುಂತ್ಕೊಳ್ಲಿ.
ನಾಕು ದಿನದಿಂದ ಮೈ ನೀರು ಕಂಡಂಗಿಲ್ಲ."
ನಕ್ಕೆವು. ಮಾಯಿಗಯ್ಯನೂ ನಕ್ಕ.
ಎದ್ದು ಹೊಸಿಲಿನ ಆಚೆ ಹೋಗಿ ಕೂತ.

ಮಾರನೆಯ ದಿನ ಐದಕ್ಕೇ ಎಚ್ಚರ.
ಕಾರ್ಖಾನೆಯ ಸೈರನ್ನು
ನನ್ನ ಮೂತ್ರಕೋಶದಲ್ಲಿ ಇನ್ನೂ ಕೂಗುತ್ತದೆ.
ನುಗ್ಗೆ ಮರದ ಕೆಳಗೆ ಯಾರೋ ಕುಕ್ಕರುಗಾಲಲ್ಲಿ.
ಬಕೆಟ್ಟು. ತೆಂಗಿನ ಚಿಪ್ಪು.
ಮಾಯಿಗಯ್ಯ.
ತನ್ನ ಪಡವಲಕ್ಕಲ್ಲ, ಪುದೀನಕ್ಕೆ.
ದಿಲ್ಶಾದ್ ಹೆರಿಗೆಗೆ ನಾಗಮಂಗಲಕ್ಕೆ ಹೋಗಿ ಹದಿನೈದು ದಿನ.
ನೀರಿನ ಪಟ್ಟಿಯಲ್ಲಿ ಅವಳ ಮಡಿ ಇರಲಿಲ್ಲ.
ಪಟ್ಟಿ ಬರೆದವನು ನಾನು.

ಚಿಪ್ಪಿನಲ್ಲಿ ಮೊಗೆದು ಬುಡಬುಡಕ್ಕೆ ಹುಯ್ಯುತ್ತಿದ್ದ,
ಹಟಮಾರಿ ಕರುವಿಗೆ ಕುಡಿಸುವ ಹಾಗೆ, ಬೈಯುತ್ತ.
ನನ್ನನ್ನು ನೋಡಲಿಲ್ಲ.
ನಾನು ಕೆಮ್ಮಲಿಲ್ಲ.

ಅವತ್ತು ನಾನು ಮಿಂದದ್ದು ಅರ್ಧ ಬಕೆಟ್ಟು.
ಸೀಗೆಪುಡಿ ಬೆನ್ನಲ್ಲೇ ಉಳಿದು ಸಂಜೆಯವರೆಗೂ ತುರಿಕೆ.
ಮಿಕ್ಕದ್ದನ್ನು ನುಗ್ಗೆ ಮರದ ಬುಡದಲ್ಲಿ ಇಟ್ಟು ಬಂದೆ.
ಯಾರು ಇಟ್ಟರೆಂದು ಅವನು ಕೇಳಲಿಲ್ಲ.
ಖಾಲಿ ಬಕೆಟ್ಟು ಮಾತ್ರ, ಬೋರಲು ಹಾಕಿ,
ನನ್ನ ಬಾಗಿಲಿಗೇ ಬಂದಿತ್ತು.

ಶುಕ್ರವಾರ ಒಲೆಮನೆಗೆ ಪುದೀನ.
ತೂಗಿದೆ. ನೂರೆಂಬತ್ತು ಗ್ರಾಂ.
ಷರಾ ಕಲಮಿನ ಮೇಲೆ ಪೆನ್ನು ನಿಂತುಬಿಟ್ಟಿತು.
ಒಳಗಿಂದ ಫಿಲೋಮಿನಾ:
"ಸೊಪ್ಪು ಕೊಡ್ತೀರೋ, ತಕ್ಕಡೀಲೇ ಬಾಡುಸ್ತೀರೋ?"
ಬರೆದೆ:
ಬಕೆಟ್ಟಿನ ತೂಕ ಕಳೆದಿಲ್ಲ.

ಹಬ್ಬದ ಎಣ್ಣೆಸ್ನಾನಕ್ಕೆಂದು ಸಭೆ
ತಲೆಗೆ ಎರಡು ಬಕೆಟ್ಟು ಮಂಜೂರು ಮಾಡಿದೆ.
ಮಾಯಿಗಯ್ಯ ಬೆಳಗಿನಿಂದ
ಪಡವಲದ ಚಪ್ಪರದ ಕೆಳಗೆ ನಿಂತು ಏನೋ ಲೆಕ್ಕ ಹಾಕುತ್ತಿದ್ದಾನೆ,
ಬೆರಳು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿ.