ಅರವತ್ತೇಳು ಚೀಟಿ

ಮೊಮ್ಮಗಳು ಓನಾ ಮೇಜಿಗೆ ಮೊಣಕೈ ಊರಿದ್ದಾಳೆ.
‘ನಮ್ಮ ಪ್ರಾಂತ್ಯದ ಮೇರೆಗಳು ಯಾವುವು ಅಜ್ಜ?
ನಾಳೆಗೆ ಬರೆದುಕೊಂಡು ಹೋಗಬೇಕು.’

ಉತ್ತರಕ್ಕೆ ನೀರು. ಬರೆದುಕೋ.
ದಕ್ಷಿಣಕ್ಕೂ ನೀರೇ, ಆದರೆ ಬೇರೆ ನೀರು:
ಇಪ್ಪತ್ತಾರು ವರ್ಷ ಹಡಗಿನ ಬಾಗಿಲಲ್ಲಿ ನಿಂತು
ನಾನು ಟಿಕೆಟ್ ಹರಿದ ಜಲಸಂಧಿ.
ಸೇತುವೆ ಬಂದ ಮೇಲೆ ಹನ್ನೆರಡೇ ನಿಮಿಷ,
ಕಾರಿನ ಗಾಜು ಕೂಡ ಇಳಿಸುವುದಿಲ್ಲ ಯಾರೂ.

ಆಕಾರವೆಂದರೆ, ಎರಡೂ ಕಡೆಯಿಂದ ಕಡಲು
ಕಚ್ಚಿ ಕಚ್ಚಿ ಬಿಟ್ಟ ರೊಟ್ಟಿ.
ಎರಡು ಜಾಗದಲ್ಲಿ ಇನ್ನೇನು ಮುರಿಯಬೇಕು, ಮುರಿದಿಲ್ಲ.
ಅತಿ ಎತ್ತರ ನೂರನಲವತ್ತೆರಡು ಮೀಟರು.
ಬೆಟ್ಟ ಎನ್ನಬೇಡ, ಆಚೆ ದಡದವರು ನಗುತ್ತಾರೆ.
ಮಣ್ಣು ಕೆಂಪು. ಒಳಗಿನ ಕಬ್ಬಿಣ ತುಕ್ಕು ಹಿಡಿದದ್ದು, ಅಷ್ಟೆ.
ರಕ್ತ ಗಿಕ್ತ ಎಂದೆಲ್ಲ ಬರೆಯಬೇಡ,
ಟೀಚರಿಗೆ ಅಂಥದ್ದು ಇಷ್ಟವಾಗುತ್ತದೆ, ಆದರೂ ಬೇಡ.
ಬೆಳೆ: ಆಲೂಗಡ್ಡೆ, ಮತ್ತೆ ಆಲೂಗಡ್ಡೆ.

ಚರಿತ್ರೆ.
ಮೊದಲಿನ ಹೆಸರು ಎಪೆಕ್ವಿಟ್ಕ್, ನೀರಲ್ಲಿ ಮಲಗಿರುವುದು.
ಆಮೇಲೆ ಫ್ರೆಂಚರು ಒಬ್ಬ ಸಂತನ ಹೆಸರಿಟ್ಟರು,
ಆಮೇಲೆ ಇಂಗ್ಲಿಷರು ಒಬ್ಬ ರಾಜಕುಮಾರನದ್ದು.
ಹೆಸರು ಬದಲಾದಾಗಲೆಲ್ಲ ಯಾರೋ ಗಂಟುಮೂಟೆ ಕಟ್ಟಿದ್ದಾರೆ.
ನನ್ನ ತಾಯಿಯ ಕಡೆಯವರು ಗೋದೆಗಳು, ಫ್ರೆಂಚ್ ಮಾತಿನವರು.
ಸಾವಿರದ ಏಳುನೂರ ಐವತ್ತೆಂಟರಲ್ಲಿ ಅವರ ಊರನ್ನೆಲ್ಲ
ಹಡಗಿಗೆ ತುಂಬಿದರು. ಎರಡು ಹಡಗು ಡಿಸೆಂಬರಿನ ಕಡಲಲ್ಲೇ ಮುಳುಗಿದವು.
ಓಜಿಟ್ ಎಂಬ ಹುಡುಗಿ ಕಾಡಿನಲ್ಲಿ ಅಡಗಿ ಉಳಿದಳಂತೆ,
ಆ ಚಳಿಗಾಲ ಏನು ತಿಂದಳೋ ಯಾರಿಗೂ ಹೇಳಲಿಲ್ಲವಂತೆ.
ನಾವು ಅವಳ ಆ ಮೌನದ ಮಕ್ಕಳು.

ಒಂಬತ್ತು ವರ್ಷದ ಮೇಲೆ ಲಂಡನ್ನಿನ ಒಂದು ಕೋಣೆ.
ನಕ್ಷೆಯ ಮೇಲೆ ದ್ವೀಪ ಅರವತ್ತೇಳು ತುಂಡು.
ಒಂದೇ ದಿನದಲ್ಲಿ ಚೀಟಿ ಎತ್ತಿದರು,
ದುಡ್ಡು ಕಟ್ಟದೆ ಎತ್ತಿದ ಚೀಟಿ!
ಎತ್ತಿದವರಲ್ಲಿ ಬಹುಪಾಲು ಜನ ಇತ್ತ ತಲೆಯೂ ಹಾಕಲಿಲ್ಲ.
ಬಂದದ್ದು ಅವರ ಲೆಕ್ಕದ ಪುಸ್ತಕ.
ನಾವಿರುವುದು ಇಪ್ಪತ್ತೊಂಬತ್ತನೆಯ ತುಂಡು.
ನನ್ನ ತಂದೆಯ ಕಡೆಯವರು, ಐರ್ಲೆಂಡಿನಿಂದ ಹಸಿದು ಬಂದ ಟ್ರೇನರ್‌ಗಳು,
ಮರ ಕಡಿದರು, ಬೇರು ಕಿತ್ತರು,
ಹೊಳೆಯ ಮಂಜುಗಡ್ಡೆ ಒಡೆದು, ತಳದ ಚಿಪ್ಪಿನ ಕೆಸರು ತೋಡಿ
ಹೊಲಕ್ಕೆ ಹೊತ್ತರು,
ಕಂಡರಿಯದ ಮುಖಕ್ಕೆ ಗೇಣಿ ಕಟ್ಟಿದರು.

ಒಲೆಯ ಹಿಂದೆ ಮೊಳೆಗೆ ತೂಗಿದೆಯಲ್ಲ, ಆ ತಗಡಿನ ತುತ್ತೂರಿ,
ಅದು ಹನೋರಾಳದ್ದು, ನನ್ನ ಮುತ್ತಜ್ಜಿ.
ಗೇಣಿ ವಸೂಲಿಗೆ ಕುದುರೆಯ ಮೇಲೆ ಶೆರೀಫ್ ಬಂದರೆ
ಒಂದು ಮನೆಯವರು ಊದಬೇಕು. ಮುಂದಿನ ಮನೆಯವರು ಊದಬೇಕು.
ಹಿಟ್ಟಿನ ಕೈಯಲ್ಲೇ ಹೆಂಗಸರು ರಸ್ತೆಗೆ ಬರುತ್ತಿದ್ದರಂತೆ.
ಕೊನೆಗೆ, ತಲೆಮಾರುಗಳು ಗೇಣಿ ಕಟ್ಟಿದ ನೆಲವನ್ನೇ
ಮತ್ತೆ ದುಡ್ಡು ಕೊಟ್ಟು ಕೊಂಡೆವು. ಇದಕ್ಕೆ ಗೆಲುವು ಎನ್ನುತ್ತಾರೆ.

ಈ ಕಥೆಯನ್ನು ಹಡಗಿನ ಕ್ಯಾಂಟೀನಿನಲ್ಲಿ
ಎಷ್ಟೋ ಸಲ ಹೇಳಿದ್ದೇನೆ, ಮೀಸೆ ತಿರುವಿ.
ಒಂದು ದಿನ ಸೂಪು ಬಡಿಸುತ್ತಿದ್ದ ಮಟಿಲ್ಡಾ ಲಬೋಬ್,
ಮೀಗ್‌ಮಾ ಜನರವಳು, ಸೌಟು ಎತ್ತದೆ ಕೇಳಿದಳು:
‘ಅರವತ್ತೇಳು ಚೀಟಿಯಲ್ಲಿ ನಮ್ಮದು ಎಷ್ಟನೆಯದು?’

ನಾನು ಚಿಲ್ಲರೆ ಎಣಿಸಿದೆ.
ಎಣಿಸಿದ್ದನ್ನೇ ಇನ್ನೊಮ್ಮೆ ಎಣಿಸಿದೆ.

‘ಇದನ್ನೂ ಬರೆಯಲಾ?’ ಎನ್ನುತ್ತಾಳೆ ಓನಾ.
ಇದನ್ನು ಮೊದಲು ಬರೆ.

ವಿಸ್ತೀರ್ಣ, ಪುಸ್ತಕದ ಪ್ರಕಾರ,
ಐದು ಸಾವಿರದ ಆರುನೂರ ಅರವತ್ತು ಚದರ ಕಿಲೋಮೀಟರು.
ಅದನ್ನು ಮಾತ್ರ ಪೆನ್ಸಿಲಿನಲ್ಲಿ.
ವರ್ಷಕ್ಕೆ ಸುಮಾರು ಒಂದು ಅಡಿ ದಂಡೆ ಕುಸಿಯುತ್ತಿದೆ,
ಯಾವ ತುತ್ತೂರಿಗೂ ಹೆದರದ ವಸೂಲಿಗಾರ.

ಅವಳು ಕುರ್ಚಿ ಹತ್ತಿ ಮೊಳೆಯಿಂದ ತುತ್ತೂರಿ ಇಳಿಸಿ
ಕೆನ್ನೆ ಉಬ್ಬಿಸಿ ಊದಿದಳು.
ಹಸು ಕೂಗಿದ ಹಾಗೆ ಒಂದು ಸದ್ದು.
ಪಕ್ಕದ ಮನೆಯ ದೀಪ ಹತ್ತಿತು.