ಅರ್ಧ ನೀಲಿ

ಬಿಳಿ ರಕ್ತಕಣಕ್ಕೆ ಒಂದು ಹಗಲು, ಒಂದು ರಾತ್ರಿಯ ಸತ್ಯ;
ಆಮೇಲೆ ಅದು ಏನು ಹೇಳಿದರೂ ನಂಬಬೇಡ
ಎನ್ನುತ್ತಾರೆ ದೇಚಮ್ಮ ಮೇಡಂ.
ಅದಕ್ಕೇ ನಾನು, ಅವರ ಲ್ಯಾಬಿನ ಟೆಕ್ನಿಷಿಯನ್,
ಬೆಳಗಿನ ಐದೂವರೆಗೆ ಮೆಜೆಸ್ಟಿಕ್ಕಿನಲ್ಲಿ
ಲಿಂಗಸುಗೂರಿನ ಬಸ್ಸಿಗೆ ಕಾಯುತ್ತ ನಿಂತಿದ್ದೆ.
ಸೀಟಿನಡಿಯಿಂದ ಥರ್ಮೊಕೋಲ್ ಡಬ್ಬಿ ಎಳೆದುಕೊಟ್ಟು
'ಮೀನೇನ್ರೀ?' ಎಂದ ಕಂಡಕ್ಟರ್.
ಹೌದೆಂದೆ. ರಕ್ತವೆಂದರೆ ಮುಂದಿನ ಸಲ ಹತ್ತಿಸಿಕೊಳ್ಳಲಿಕ್ಕಿಲ್ಲ.

ಆಟೋದಲ್ಲಿ ಡಬ್ಬಿ ನನ್ನ ತೊಡೆಯ ಮೇಲೆ,
ಒಳಗೆ ಎರಡು ಕೊಳವೆ.
ಒಂದು ಮೌನೇಶನದು, ನಾಲ್ಕು ವರ್ಷ,
ಕುತ್ತಿಗೆಯ ಗಂಟನ್ನು ಮೂರು ಸಲ ಕೊಯ್ದಾಗಿದೆ.
ಇನ್ನೊಂದು ಅಲ್ಲಿಯ ಕಾಂಪೌಂಡರ್ ಖಾಜಾಹುಸೇನರದು,
ಯಾವ ಕಾಯಿಲೆಯೂ ಇಲ್ಲದ್ದು.
ಗಟ್ಟಿಮುಟ್ಟಾದವನ ರಕ್ತವೂ ಜೊತೆಗೆ
ಅದೇ ಐಸಿನಲ್ಲಿ, ಅದೇ ಗುಂಡಿಗಳಲ್ಲಿ ಕುಲುಕಿ ಬರಬೇಕು;
ಇಲ್ಲದಿದ್ದರೆ ಸೋತದ್ದು ಮಗುವೋ ರಸ್ತೆಯೋ
ತಿಳಿಯುವುದು ಹೇಗೆ?
ಮಿನರ್ವ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಲೆಕ್ಕ ಹಾಕಿದೆ:
ಹದಿನಾಲ್ಕು ಗಂಟೆ. ಇನ್ನೂ ಸತ್ಯ ಉಳಿದಿದೆ.

ಹಳದಿ ಬಣ್ಣ ಹಾಕಿ ಕಾದೆವು.
ಖಾಜಾಹುಸೇನರ ಕಣಗಳು ಒಂದೊಂದೇ
ನೇರಳೆಹಣ್ಣು ತಿಂದ ನಾಲಿಗೆಯಂತೆ ನೀಲಿಗಟ್ಟಿದವು.
ಮೌನೇಶನವು ಹಳದಿಯಾಗಿಯೇ ಕೂತವು.
ವೈರಿ ಬಂದಲ್ಲಿಗೆ ಓಡುತ್ತವೆ, ಹಿಡಿಯುತ್ತವೆ, ನುಂಗುತ್ತವೆ,
ಸುಡಲು ಕಿಚ್ಚಿಲ್ಲ.
ಒಲೆಯಿದೆ, ಸೌದೆಯಿದೆ, ಕಡ್ಡಿಪೊಟ್ಟಣ ನೆನೆದಿದೆ.

ಮುಂದಿನ ವಾರ ಹುಲಿಗೆಮ್ಮ ಮಗನನ್ನು ಹೊತ್ತು ಬಂದಳು,
ಜೊತೆಗೆ ದೊಡ್ಡವಳು, ಒಂಬತ್ತರ ದುರುಗಿ.
ಮೇಡಂ ವಂಶದ ನಕ್ಷೆ ಬರೆದರು:
ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ,
ಸತ್ತವರ ಮೇಲೊಂದು ಅಡ್ಡಗೀರು.
ಮೌನೇಶನಿಗೆ ಮೊದಲು ಒಬ್ಬ, ಹೆಸರಿಡುವ ಮುಂಚೆಯೇ ಹೋದವನು.
ಅವಳ ತಮ್ಮಂದಿರು ಇಬ್ಬರು,
ಒಬ್ಬನಿಗೆ ಜ್ವರ ಎಂದಿದ್ದರು, ಇನ್ನೊಬ್ಬನಿಗೆ ಗಾಳಿ.
ಅತ್ತೆ ಅಂದದ್ದನ್ನು ಅವಳು ಹೇಳಲಿಲ್ಲ.
ದುರುಗಿ ಹೇಳಿದಳು, ಫ್ರಿಜ್ಜಿನ ಕೆಂಪು ಅಂಕಿಗಳನ್ನು ನೋಡುತ್ತ:
'ನಮ್ಮವ್ವ ಗಂಡುಮಕ್ಕಳನ್ನ ತಿನ್ನಾಕಿ ಅಂತ.'

ಹನ್ನೊಂದು ಪುಟದ ಪ್ರಬಂಧ ಬರೆದ ಮೇಡಂ,
ಒಂದೇ ಅಕ್ಷರದ ತಪ್ಪು ಎಲ್ಲಿದೆಯೆಂದು
ಜೀನಿನುದ್ದಕ್ಕೂ ಬೆರಳಾಡಿಸಿ ತೋರಿಸಬಲ್ಲ ಮೇಡಂ
'ನಿನ್ನಿಂದ' ಎಂಬ ಮಾತಿನ ಹೊಸ್ತಿಲಲ್ಲಿ
ಕನ್ನಡಕ ಒರೆಸುತ್ತ ನಿಂತುಬಿಟ್ಟರು.
ಆಮೇಲೆ ಸ್ಟೂಲ್ ಎಳೆದು, ಅವಳದೇ ಸ್ಲೈಡ್ ಇಟ್ಟು,
ನೋಡು ಎಂದರು.

'ನನ್ನ ರೆಪ್ಪೀನ ಕಾಣಾಕತ್ತಾವ್ರೀ.'
ನಾನು ಗುಂಡಿ ತಿರುಗಿಸಿದೆ. ಬಹಳ ಹೊತ್ತು ಸುಮ್ಮನಿದ್ದಳು.
'ನೀಲೀವು ಯಾರವ್ರೀ?'
ನಿನ್ನವೇ.
'ಹಳದೀವು?'
ಹೊರಗೆ ಹೊಸೂರು ರಸ್ತೆಯ ಆಂಬುಲೆನ್ಸ್ ಹಾದುಹೋಗುವವರೆಗೂ ಕಾದು
ಮೇಡಂ ಅಂದರು: ಅವೂ ನಿನ್ನವೇ.
'ಮತ್ತ ನೀಲೀವು ನಾ ಇಟಗೊಂಡು
ಅವಗ ಹಳದೀವು ಯಾಕ ಕೊಟ್ಟೆ?'

ಉತ್ತರ ಹನ್ನೊಂದು ಪುಟದಲ್ಲೂ ಇರಲಿಲ್ಲ.
ನೀನು ಕೊಟ್ಟದ್ದಲ್ಲ, ಎಂದರು,
ಆರಿಸಿ ಕೊಡುವುದು ಯಾವ ತಾಯಿಗೂ ಬರುವುದಿಲ್ಲ.
ದಿನಾ ಗುಳಿಗೆ ತಪ್ಪಿಸಬೇಡ,
ಬೂಸಲು ಹಿಡಿದ ಮೇವಿನ ಹತ್ತಿರ ಬಿಡಬೇಡ,
ಮಜ್ಜೆ ಹೊಂದುವವರು ಸಿಕ್ಕರೆ ಮುಂದಿನ ಮಾತು.
ಹೇಳುತ್ತಲೇ ಅವಳ ವೃತ್ತದ ನಡುವೆ ಒಂದು ಚುಕ್ಕಿಯಿಟ್ಟರು.

'ಕುಂಕುಮ ಇಟ್ಟಂಗಾತು.'
ಸ್ವಲ್ಪ ತಡೆದು, ಮೇಲಿನ ವೃತ್ತದ ಗೀರಿನ ಮೇಲೆ ಬೆರಳಿಟ್ಟಳು:
'ನಮ್ಮವ್ವಗೂ ಒಂದಿಡ್ರಿ.
ಆಕಿಗೂ ಹಂಗ ಅಂತಿದ್ರು, ಸಾಯೂತನಾ.'
ಸ್ಲೈಡಿಲ್ಲದೆ ಚುಕ್ಕಿಯಿಡದ ಮೇಡಂ
ಇಬ್ಬರು ತಮ್ಮಂದಿರ ಚೌಕಗಳನ್ನು ನೋಡಿ
ಇಟ್ಟರು.

ಪೆನ್ಸಿಲ್ಲು ಕೆಳಗಿಳಿಯಿತು, ದುರುಗಿಯ ವೃತ್ತದತ್ತ.
ಆ ಹುಡುಗಿ ಆಗಲೇ ಅಂಗಿಯ ತೋಳು ಮಡಚಿ ನಿಂತಿದ್ದಳು.
ಹುಲಿಗೆಮ್ಮ ಹಾಳೆಯ ಮೇಲೆ ಅಂಗೈ ಊರಿದಳು:
'ಇದು ಖಾಲೀನ ಇರ್ಲಿ.
ಇನ್ನಾ ಆಡೂ ಹುಡುಗಿ.'