ಕಂಟಿನ್ಯೂಟಿ

ಉತ್ತರಹಳ್ಳಿಯ ಬಾಡಿಗೆ ಬಂಗಲೆಯಲ್ಲಿ
ಬೆಳಿಗ್ಗೆ ಏಳಕ್ಕೇ ನಮಗೆ ಮಧ್ಯಾಹ್ನ.
ಕಿಟಕಿಗೆ ಕಪ್ಪು ಬಟ್ಟೆ, ಒಳಗೆ ಲೈಟಿನ ಬಿಸಿಲು,
ಅಡುಗೆಮನೆಯ ನಲ್ಲಿ ತಿರುಗಿಸಿದರೆ ಗಾಳಿ,
ದೇವರ ಕೋಣೆಯಲ್ಲಿ ಥರ್ಮಾಕೋಲ್ ದೇವರು.

ಈ ಮನೆಯ ಸೊಸೆ ಕಪ್ಪು. ಕಥೆಯೇ ಅದು.
ಕಪ್ಪೆಂದು ಅತ್ತೆ ಅವಳ ಕೈಯ ಹಾಲು ಕುಡಿಯುವುದಿಲ್ಲ,
ನಾನೂರ ಹನ್ನೆರಡು ಕಂತುಗಳಿಂದ.
ಸೊಸೆಯಾಗಲು ಬರುವ ಹುಡುಗಿ ಮಾತ್ರ ಸುಲಿದ ಬಾಳೆಹಣ್ಣು.
ಅವಳನ್ನು ದಿನಾ ಕಪ್ಪು ಮಾಡುವುದು ನನ್ನ ಕೆಲಸ.

ಡಬ್ಬಿಯಲ್ಲಿ ಆ ಬಣ್ಣ ಬರುವುದಿಲ್ಲ.
ಮೂರು ಬೆರೆಸಿ, ಒಂದು ಹನಿ ಎಣ್ಣೆ ಬಿಟ್ಟು
ನನ್ನ ಮುಂಗೈ ಪಕ್ಕ ಹಿಡಿದು ನೋಡುತ್ತೇನೆ.
ಹೊಂದಿದರೆ ಸರಿ.
"ಮುನಿಲಕ್ಷ್ಮೀ, ಕೈ ಚಾಚು" ಅನ್ನುತ್ತಾನೆ ಕ್ಯಾಮೆರಾದವನು
ಬೆಳಕು ಅಳೆಯಲು.
ಇಷ್ಟು ಚೆಂದದ ಕಪ್ಪು ಎಲ್ಲೂ ಸಿಗುವುದಿಲ್ಲವಂತೆ.
ಒಮ್ಮೆ ಕೇಳಿದ್ದೆ, ಹಾಗಾದರೆ ನಾನೇ ನಿಲ್ಲಲಾ ಸಾರ್?
ಇಡೀ ಸೆಟ್ಟು ನಕ್ಕಿತು, ನಾನೂ ನಕ್ಕೆ,
ಟೇಕ್ ಕೆಟ್ಟಿತೆಂದು ಬೈಸಿಕೊಂಡಿದ್ದು ಮಾತ್ರ ನಾನೊಬ್ಬಳೇ.

ಕಾರ್ಡಿನಲ್ಲಿ ನಾನು ಕೇಶವಿನ್ಯಾಸಕಿ.
ಮೇಕಪ್ ಎಂದು ತೆರೆಯ ಮೇಲೆ ಓಡುವ ಹೆಸರು ನಾಗಭೂಷಣನದು.
ಅವನು ವ್ಯಾನಿನಲ್ಲಿ ಇಸ್ಪೀಟಾಡುತ್ತಾನೆ.
ಕಥೆ ಬರೆಯುವ ಕೋಣೆಯ ಹೊರಗೆ ಆರು ಜೊತೆ ಚಪ್ಪಲಿ,
ಆರೂ ಗಂಡಸರವು, ಒಂದೇ ಬೀದಿಯಿಂದ ಬಂದಂಥವು;
ಒಳಗೆ ಕರೀ ಹೆಂಗಸೊಬ್ಬಳ ಸಂಕಟ ತಯಾರಾಗುತ್ತದೆ.
ಅಲ್ಲಿಗೆ ಟೀ ಒಯ್ಯುವವಳು ರೂತ್.

ರೂತ್ ಮೇರಿ, ಲಿಂಗರಾಜಪುರ, ಹತ್ತೊಂಬತ್ತು.
ಬಂದದ್ದು ಸೀರೆ ಇಸ್ತ್ರಿಗೆ.
ಹುಡುಗಿಯೊಬ್ಬಳು ಕೈಕೊಟ್ಟ ದಿನ ಕೆಲಸದಾಕೆಯ ಪಾತ್ರ ಸಿಕ್ಕಿತು:
ತಟ್ಟೆ ಹಿಡಿದು ಬರಬೇಕು, ಇಟ್ಟು ಹೋಗಬೇಕು. ಮಾತಿಲ್ಲ.

ಆ ಮಂಗಳವಾರ ಬಟ್ಟೆ ಕೋಣೆಯಿಂದ ಬಂದಳು.
ಎಡತೋಳಲ್ಲಿ ನಾಲ್ಕು ಬೆರಳು.
ಐದನೆಯದು ಹಿಂಬದಿ.
ಯಾರದ್ದೆಂದು ನಾನು ಕೇಳಲಿಲ್ಲ.
ಅವಳ ಹಿಂದೆಯೇ ಡೈರೆಕ್ಟರು ಬಂದರು
ವಾಚಿನ ಪಟ್ಟಿ ಸರಿಮಾಡಿಕೊಳ್ಳುತ್ತಾ.
ಮ್ಯಾನೇಜರ್ ಅಂದ:
"ನಿನ್ನೆ ಸೀನಲ್ಲಿ ಈ ತೋಳು ಹೀಗಿರಲಿಲ್ಲ.
ಕಂಟಿನ್ಯೂಟಿ ಹೋಗತ್ತೆ. ಮುಚ್ಚು."

ಮುಚ್ಚಿದೆ.
ನೇರಳೆ ಅಡಗಲು ಮೊದಲು ಕಿತ್ತಳೆ,
ಅದು ಒಣಗಿದ ಮೇಲೆ ಅವಳ ಬಣ್ಣ, ಮೇಲೆ ಪೌಡರು.
ಹನ್ನೊಂದು ವರ್ಷದ ಕೈಚಳಕ.
ಅವಳ ಬಣ್ಣವೂ ನನ್ನ ಮುಂಗೈಯದೇ,
ಹುಡುಕಬೇಕಾಗಲಿಲ್ಲ.
"ನೋಯ್ತಿದೆಯಾ?"
"ಸ್ಪಂಜು ತಣ್ಣಗಿದೆ ಅಕ್ಕಾ" ಅಂದಳು.

ದೂರು ಸಮಿತಿ ಕೂತದ್ದು ಊಟದ ಮೇಜಿಗೆ,
ಅತ್ತೆ ಹಾಲಿನ ಲೋಟ ತಳ್ಳುವ ಅದೇ ಮೇಜಿಗೆ.
ಅಧ್ಯಕ್ಷೆ ನಿರ್ಮಾಪಕರ ನಾದಿನಿ.
ಉಳಿದಿಬ್ಬರು ಅವರ ಮನೆಯ ಹಬ್ಬಕ್ಕೆ ಎಲೆ ಹಾಕಿಸಿಕೊಳ್ಳುವವರು.
ಆ ದಿನದ ಸೀನು ಹಾಕಿ ನೋಡಿದರು,
ನಿಲ್ಲಿಸಿ, ದೊಡ್ಡದು ಮಾಡಿ.
ತೋಳು ನುಣುಪು.
"ಎಲ್ಲಮ್ಮಾ ಗುರುತು?"

ರೂತ್ ನನ್ನ ಕಡೆ ನೋಡಲಿಲ್ಲ.
ನೋಡಿದ್ದರೆ ಚೆನ್ನಾಗಿತ್ತು.
ಟೀ ಈಗ ಬೇರೆ ಹುಡುಗಿ ಒಯ್ಯುತ್ತಾಳೆ.

ಇವತ್ತು ಶೂಟಿಂಗಿಲ್ಲ. ಶ್ರೀರಾಮಪುರ, ಮಧ್ಯಾಹ್ನ ಒಂದೂವರೆ.
ಅಮ್ಮ ನೆನೆಸಿದ ಅವರೆಕಾಳು ಹಿಸುಕುತ್ತಾ ಟಿವಿ ನೋಡುತ್ತಿದ್ದಾಳೆ,
ಸೊಸೆ ಅಳುತ್ತಿದ್ದಾಳೆ, ನನ್ನ ಬಣ್ಣ ಕೆನ್ನೆಗಿಳಿಯದಂತೆ ಹುಷಾರಾಗಿ.
ತಟ್ಟೆ ಹಿಡಿದ ತೋಳೊಂದು ಹಿಂದಿನಿಂದ ಹಾದುಹೋಯಿತು,
ಎರಡೇ ಸೆಕೆಂಡು.
"ಆ ಮಗ ಯಾರೇ? ನಮ್ಮನೆಯವಳಂಗವ್ಳೆ" ಅಂದಳು.

ಎದ್ದು ಚೀಲದಿಂದ ಪುಸ್ತಕ ತೆಗೆದೆ.
ಯಾರಿಗೆ ಎಲ್ಲಿ ಯಾವ ಬಣ್ಣ, ದಿನಾ ಬರೆಯಬೇಕು, ಕಂಪನಿ ನಿಯಮ.
ಮಂಗಳವಾರ. ಸೀನ್ ಹದಿನಾಲ್ಕು. ಕೆಲಸದಾಕೆ.
ಎಡತೋಳು, ಹೊಸ ಕಂದು, ಬಾವು.
ಬೆರಳು ನಾಲ್ಕು ಮುಂದೆ, ಹೆಬ್ಬೆರಳು ಹಿಂದೆ.
ಕಿತ್ತಳೆ ಎರಡು ಪದರ.
ನನ್ನ ಅಕ್ಷರ. ಕೆಳಗೆ ಮ್ಯಾನೇಜರ್
ಓದದೆ ಹಾಕಿದ ಸಹಿ.

ಜಾಹೀರಾತು ಬಂತು. ಅಮ್ಮ ಸಿಪ್ಪೆಯ ಕೈಯಲ್ಲೇ ಶಬ್ದ ತಗ್ಗಿಸಿದಳು.
ರೂತ್ ನಂಬರು ಒತ್ತಿದ್ದೇನೆ.
ಆ ಕಡೆ ರಿಂಗಾಗುತ್ತಿದೆ.